ಕಾವಲುಗಾರನಿಗೆ ತಂದ ರೊಟ್ಟಿ

ಶಿಷ್ಯ ಗಿದ್ಯೋನ ಕೇಳಿದ: "ಅಯ್ಯನವರೇ, ವೈರಿಯನ್ನೂ ಪ್ರೀತಿಸಬೇಕೆಂದು ನಮ್ಮ ಕರ್ತರು ಹೇಳಿದ್ದಾರೆ. ಆಳುವವರ ಕೈಯಲ್ಲಿರುವ ಕತ್ತಿ ದೇವರು ಕೊಟ್ಟದ್ದೆಂದೂ ಶಾಸ್ತ್ರದಲ್ಲಿದೆ. ಹಾಗಾದರೆ ರಾಜನಿಗಾಗಿ ಕತ್ತಿ ಹಿಡಿದ ವಿಶ್ವಾಸಿ ಮಾಡಿದ್ದು ಸರಿಯೋ, ತಪ್ಪೋ?"

ಬೋಧಕ ನೆಹೆಮೀಯಯ್ಯನವರಿಗೆ ರೇಗಿತು. ಆ ವಾರ ಶಿಷ್ಯರಿಂದ ಈ ಪ್ರಶ್ನೆ ಬಂದದ್ದು ನಾಲ್ಕನೆಯ ಸಲ. ಒಬ್ಬೊಬ್ಬನೂ ಒಂದೊಂದು ವಚನ ಹಿಡಿದು ಬರುತ್ತಿದ್ದ. ವಾದದಲ್ಲಿ ಗೆದ್ದವರು ಯಾರೆಂದು ಕೇಳಿಕೊಂಡು ಹೋಗುವುದೊಂದೇ ಎಲ್ಲರಿಗೂ ಬೇಕಾಗಿತ್ತು. ಹೇಳಿ ಹೇಳಿ ಅಯ್ಯನವರಿಗೆ ಸಾಕಾಗಿತ್ತು. ಕನ್ನಡಕ ತೆಗೆದಿಟ್ಟು ಕತೆ ಶುರುಮಾಡಿದರು.

ಒಂದು ರಾಜ್ಯದ ಗಡಿಯಲ್ಲಿ ಒಂದು ಊರಿತ್ತು. ಊರಿನವರೆಲ್ಲ ಕ್ರಿಸ್ತನನ್ನು ನಂಬಿದವರು. ಆಯುಧ ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಮಾಡಿದವರು. ರಾಜನು ಆ ಊರ ಬಾಗಿಲಿಗೆ ಒಬ್ಬ ಕಾವಲುಗಾರನನ್ನು ನೇಮಿಸಿದ. ಅವನೂ ವಿಶ್ವಾಸಿಯೇ.

ಭಾನುವಾರ ಅವನು ಕತ್ತಿಯನ್ನು ಹೊರಗಿಟ್ಟು ಆರಾಧನೆಗೆ ಬಂದ. ಕತ್ತಿ ಕಟ್ಟುವವನಿಗೆ ಯೇಸುವಿನ ನೆನಪಿಗಾಗಿ ವಿಶ್ವಾಸಿಗಳು ಹಂಚಿಕೊಳ್ಳುವ ಕರ್ತನ ಭೋಜನದ ರೊಟ್ಟಿ ಕೊಡಬಹುದೇ ಎಂದು ಸಭೆಯ ಹಿರಿಯರು ಚರ್ಚೆಗೆ ಕುಳಿತರು. ಅರಸನ ಸೇವಕನು ದೇವರ ಸೇವಕನೇ ಎಂದು ಕೆಲವರು ಹೇಳಿದರು. ಕೂಡದು ಎಂದು ಉಳಿದವರು ಹೇಳಿದರು. ಚರ್ಚೆ ಮೂರು ವರ್ಷ ನಡೆಯಿತು. ಮೂರು ವರ್ಷವೂ ಅವನು ಆರಾಧನಾಲಯದ ಹೊಸ್ತಿಲಾಚೆ ನಿಂತು ಪ್ರಾರ್ಥಿಸಿ ಊರ ಬಾಗಿಲಿಗೆ ಮರಳಿದ. ಅವನು ಕಾಯುತ್ತಿದ್ದ ಊರಿನಲ್ಲಿ ಎಲ್ಲರೂ ನಿಶ್ಚಿಂತೆಯಿಂದ ಉಂಡು ಮಲಗುತ್ತಿದ್ದರು.

ಸುಗ್ಗಿಯ ಕಾಲದಲ್ಲಿ ಒಂದು ಮಧ್ಯಾಹ್ನ ಗಡಿಯಾಚೆಯ ಸೈನಿಕರು ಮೂವರು ಊರ ಮೇಲೆ ಬಿದ್ದರು. ಹಿಂದಿರುಗಿ ಹೋಗಿರೆಂದು ಕಾವಲುಗಾರ ಎರಡು ಸಲ ಬೇಡಿಕೊಂಡ. ಅವರು ಕೇಳಲಿಲ್ಲ. ಕಾದಾಟದಲ್ಲಿ ಅವನ ಭುಜ ಸೀಳಿತು, ಅವರಲ್ಲಿ ಒಬ್ಬ ಸತ್ತ. ಉಳಿದಿಬ್ಬರು ಓಡಿಹೋದರು.

ಗದ್ದಲ ನಿಂತ ಮೇಲೆ ಹಿರಿಯರು ಹೊರಗೆ ಬಂದರು. ಅವರ ಕೈಯಲ್ಲಿ ರೊಟ್ಟಿಯಿತ್ತು, ದ್ರಾಕ್ಷಾರಸದ ಬಟ್ಟಲಿತ್ತು. ಕಾವಲುಗಾರ ಹೆಣದ ಪಕ್ಕದಲ್ಲಿ ಕುಳಿತಿದ್ದ. ಅವನು ಹೇಳಿದ: "ಮೂರು ವರ್ಷ ಈ ಕೈ ಯಾರನ್ನೂ ಕೊಂದಿರಲಿಲ್ಲ. ಆಗ ನೀವು ಕೊಡಲಿಲ್ಲ. ಇವತ್ತು ಕೊಂದಿದೆ. ಇವತ್ತು ಯಾಕೆ ತಂದಿರಿ?"

"ನೀನು ನಮ್ಮನ್ನು ಉಳಿಸಿದೆ. ಅರಸನ ಆಜ್ಞೆಯನ್ನು ನಡೆಸಿದೆ. ನಿನ್ನಲ್ಲಿ ದೋಷವಿಲ್ಲ" ಎಂದರು ಹಿರಿಯರು.

ಹಾಗಾದರೆ ಈ ಸತ್ತವನನ್ನು ತೊಳೆದು ಮಣ್ಣು ಮಾಡಲು ಕೈಜೋಡಿಸಿ, ಇವನ ತಾಯಿಗಾಗಿ ಪ್ರಾರ್ಥಿಸಿ ಎಂದು ಅವನು ಕೇಳಿಕೊಂಡ. ಹಿರಿಯರು ವೈರಿಯ ಹೆಣದ ವಿಷಯವನ್ನು ಸಭೆಯಲ್ಲಿ ಕೇಳಬೇಕಾಗುತ್ತದೆ ಎಂದರು. ರೊಟ್ಟಿಯನ್ನು ಕಲ್ಲಿನ ಮೇಲಿಟ್ಟು ಒಳಗೆ ಹೋದರು.

ಕಾವಲುಗಾರ ಒಂದೇ ತೋಳಿನಿಂದ ಗುಂಡಿ ತೋಡಿ ಸತ್ತವನನ್ನು ಮಣ್ಣು ಮಾಡಿದ. ಆಮೇಲೆಯೂ ಬಹಳ ಕಾಲ ಅದೇ ಬಾಗಿಲು ಕಾದ. ದಿನವೂ ಆ ಸಮಾಧಿಯ ಬಳಿ ಮೊಣಕಾಲೂರಿ, ತಪ್ಪು ಮಾಡಿದ್ದರೆ ಕ್ಷಮಿಸು, ಸರಿ ಮಾಡಿದ್ದರೂ ಕ್ಷಮಿಸು ಎಂದು ದೇವರನ್ನು ಬೇಡುತ್ತಿದ್ದ. ಹಾಗೆ ಬೇಡುತ್ತಲೇ ಮುದುಕನಾಗಿ ಸತ್ತ.

ಕತೆ ಮುಗಿಸಿ ನೆಹೆಮೀಯಯ್ಯನವರು ಕನ್ನಡಕ ಹಾಕಿಕೊಂಡರು. ಗಿದ್ಯೋನ, ಆ ಕಾವಲುಗಾರ ಮಾಡಿದ್ದು ಸರಿಯೋ ತಪ್ಪೋ ಎಂಬುದನ್ನು ಅಯ್ಯನವರು ಹೇಳಲೇ ಇಲ್ಲವಲ್ಲ ಎಂದ.

ಅಯ್ಯನವರು ನಿಟ್ಟುಸಿರುಬಿಟ್ಟು ಹೇಳಿದರು: "ಆ ಪ್ರಶ್ನೆಯನ್ನು ಅವನು ಸಾಯುವವರೆಗೂ ತನ್ನನ್ನು ತಾನೇ ಕೇಳಿಕೊಂಡ, ಅವನ ಕಾವಲಿನಲ್ಲಿ ಉಂಡು ಮಲಗಿದ ನಾವು ನಮ್ಮನ್ನು ಕೇಳಿಕೊಳ್ಳದೆ ಇನ್ನೂ ಅವನನ್ನೇ ಕೇಳುತ್ತಿದ್ದೇವೆ."