ಎಸೆದದ್ದೆಲ್ಲ ಮಾಳಿಯದು

"ಇದು ಮಾಳಿಯ ಕೈಲಿ ಆಗುವ ಕೆಲಸವಲ್ಲ" ಎಂದು ತುಂಬಿದ ಸಭೆಯಲ್ಲಿ ಹೇಳಿದವನು ಗುಂಡಾಳಕೋಟೆಯ ಉಗ್ರಾಣದ ಪಾರುಪತ್ತೆಗಾರ ಭುಜಂಗಪ್ಪ. ಅವಳ ತಾಯಿಗೂ ಹಾಗೇ ಹೇಳುತ್ತಿದ್ದ. ಆಕೆ ಅರಮನೆಯ ತೊತ್ತಾಗಿ ಪಾತ್ರೆ ತಿಕ್ಕುತ್ತಲೇ ಸತ್ತಳು. ಮಾಳಿ ಹುಟ್ಟುತ್ತಲೇ ತೊತ್ತು. ಕೋಟೆ ಬಿಟ್ಟು ಹೋಗುವಂತಿಲ್ಲ, ತನ್ನದೆಂದು ಒಂದು ಸೂರು ಕಟ್ಟುವಂತಿಲ್ಲ. ಅವಳಿಗೆ ಬೇಕಿದ್ದದ್ದು ಅದೊಂದೇ.

ರಾಜಕುಮಾರಿಯನ್ನು ನೋಡಲು ಬೀಗರು ಬರುವವರಿದ್ದರು. ಅರಮನೆಯ ತಾಮ್ರದ ಕೊಪ್ಪರಿಗೆಗಳೋ, ಕೆಸರಿನಿಂದ ಎದ್ದ ಎಮ್ಮೆಗಳ ಹಾಗಿದ್ದವು. ಅವನ್ನು ಬೆಳಗುವ ಕೆಲಸ ಮಾಳಿಯ ಪಾಲಿಗೆ ಬಂದಿತ್ತು.

"ಶುಕ್ರವಾರದ ಹೊತ್ತಿಗೆ ಬೀಗರು ಅದರಲ್ಲಿ ನೋಡಿ ಮೀಸೆ ತಿದ್ದಿಕೊಳ್ಳಬೇಕು" ಎಂದ ದೊರೆ ವೀರಣ್ಣನಾಯಕ.

"ಆದರೆ ಉಗ್ರಾಣದಿಂದ ಒಂದೆಳೆ ಹುಣಸೆಯನ್ನೂ ಕೊಡಲಾರೆ ಪ್ರಭು" ಎಂದ ಭುಜಂಗಪ್ಪ. "ಹುಣಸೆ ಇರೋದು ಸಾರಿಗೆ, ಪಾತ್ರೆಗಲ್ಲ."

"ಬೇಡ ಬಿಡಿ" ಎಂದಳು ಮಾಳಿ. "ಅಡುಗೆಮನೆ ಬಾಗಿಲಿಂದ ನೀವು ಆಚೆ ಎಸೆಸೋದನ್ನ ನನಗೆ ಬಿಟ್ಟುಕೊಡಿ, ಸಾಕು."

"ಕಸ ತಾನೆ? ತಗೋ. ನಾನು ಎಸೆಸಿದ್ದೆಲ್ಲ ನಿನ್ನದೇ."

"ಆಮೇಲೆ ವಾಪಸ್ ಕೇಳಬಾರದು."

"ತಿಪ್ಪೆ ಕೆದಕೋಕೆ ನಾನೇನು ಕೋಳಿಯಾ?"

"ಹಾಗಾದರೆ ದೊರೆಗಳು ವೀಳ್ಯ ಕೊಡಲಿ."

ಆ ಕೋಟೆಯಲ್ಲಿ ವೀಳ್ಯ ಕೊಟ್ಟು ಆಡಿದ ಮಾತನ್ನು ದೊರೆಯೂ ಹಿಂತೆಗೆಯುವಂತಿರಲಿಲ್ಲ. ಕಸಕ್ಕೂ ವೀಳ್ಯವೇ ಎಂದು ನಗುತ್ತಲೇ ವೀರಣ್ಣನಾಯಕ ಎಲೆ ಅಡಿಕೆ ಕೊಟ್ಟ.

ಅಂದಿನಿಂದ ಮಾಳಿ ತಿಪ್ಪೆಯ ಪಕ್ಕದಲ್ಲೇ ಕೂತಳು. ಅಡುಗೆಯವರು ಕಿವುಚಿ ಬಿಸಾಡಿದ ಹುಣಸೆ ಚರಟ, ಹಿಂಡಿದ ನಿಂಬೆ ಸಿಪ್ಪೆ, ಒಲೆಯ ಬೂದಿ, ತೆಂಗಿನ ನಾರು, ಒಂದನ್ನೂ ಬಿಡಲಿಲ್ಲ. ಅಕ್ಕಿ ತೊಳೆದ ನೀರನ್ನು ಗಡಿಗೆಯಲ್ಲಿ ಹುಳಿಗಿಟ್ಟಳು. ಬೂದಿಯಿಂದ ಜಿಡ್ಡು ಹೋಯಿತು, ಹುಳಿಗೆ ಕಿಲುಬು ಬಿಟ್ಟಿತು. ಶುಕ್ರವಾರ ಬೀಗರು ಬಂದಾಗ ಕೊಪ್ಪರಿಗೆಗಳು ಹುಟ್ಟುವ ಸೂರ್ಯನ ಹಾಗೆ ಸಾಲಾಗಿ ಕೂತಿದ್ದವು.

ಬೀಗ ನಿಜಕ್ಕೂ ಮೀಸೆ ತಿದ್ದಿಕೊಂಡ. "ಏನು ಹಾಕಿ ಬೆಳಗಿದಿರಿ?"

"ದೂರದೇಶದಿಂದ ನಾನೇ ತರಿಸಿದ ಪುಡಿ" ಎಂದ ಭುಜಂಗಪ್ಪ.

ಬಾಗಿಲ ಮರೆಯಿಂದ ಮಾಳಿ ಹೇಳಿದಳು: "ದೂರದಿಂದ ಬಂದಿದ್ದು ನಿಜ ಬುದ್ಧಿ. ಒಲೆಯಿಂದ ತಿಪ್ಪೆಗೆ, ತಿಪ್ಪೆಯಿಂದ ಕೊಪ್ಪರಿಗೆಗೆ."

ಬೀಗರ ಪಂಕ್ತಿಯೆಲ್ಲ ನಕ್ಕಿತು. ಭುಜಂಗಪ್ಪ ಅಡುಗೆಮನೆಗೆ ನುಗ್ಗಿದ.

"ಬೀಗರ ಮುಂದೆ ನನ್ನ ಮಾನ ಕಳೆದೆಯಲ್ಲೇ."

"ಕಳೆದಿಲ್ಲ, ಬೆಳಗಿದೆ. ನಿಮ್ಮದು ಹೊಳೆಯೋದೇ ಅಷ್ಟು."

"ಎಸೀರೋ ಇವಳನ್ನ ಆಚೆಗೆ."

"ಯಾವ ಬಾಗಿಲಿಂದ?"

"ಇದೇ ಅಡುಗೆಮನೆ ಬಾಗಿಲಿಂದ."

"ಎಲ್ಲರೂ ಕೇಳಿಸಿಕೊಂಡಿರಾ?" ಎಂದು ಅಡುಗೆಯವರನ್ನು ಕೇಳಿ ಮಾಳಿ ತಾನೇ ಕೈಕಾಲು ಸಡಿಲ ಬಿಟ್ಟಳು. "ಮೆಲ್ಲಗೆ ಎಸೀರಪ್ಪ."

ಇಬ್ಬರು ಅವಳನ್ನು ಎತ್ತಿಕೊಂಡು ಹೋಗಿ ತಿಪ್ಪೆಯ ಮೇಲೆ ಇಳಿಸಿದರು.

ಮರುದಿನ ಅವಳು ಕೆಲಸಕ್ಕೆ ಬರಲಿಲ್ಲ. ದೊರೆ ಹೇಳಿಕಳಿಸಿದಾಗ, ತಲೆ ಬಾಚಿಕೊಂಡು ಹೆಬ್ಬಾಗಿಲಿನಿಂದಲೇ ಒಳಗೆ ಬಂದಳು.

"ಏನೇ ಮಾಳಿ, ತೊತ್ತು ಹೆಬ್ಬಾಗಿಲಿಂದ ಬರೋದೆ?" ಎಂದ ದೊರೆ.

"ತೊತ್ತು ಬಂದಿಲ್ಲ ಬುದ್ಧಿ. ಅವಳನ್ನ ನೆನ್ನೆ ಭುಜಂಗಪ್ಪನೋರು ಅಡುಗೆಮನೆ ಬಾಗಿಲಿಂದ ಆಚೆ ಎಸೆಸಿದರು. ಎಸೆಸಿದ್ದೆಲ್ಲ ನನ್ನದು ಅಂತ ವೀಳ್ಯ ಕೊಟ್ಟವರು ನೀವು. ಅರಮನೆಯ ಮಾಳಿ ಈಗ ನನ್ನವಳು."

ಭುಜಂಗಪ್ಪ ತೊದಲಿದ: "ಪ್ರಭು, ನಾನು ಹೇಳಿದ್ದು ಕಸಕ್ಕೆ. ಇವಳೇನು ಕಸವೇ?"

"ಆ ಮಾತು ಎಸೆಯೋ ಮುಂಚೆ ನೆನಪಾಗಬೇಕಿತ್ತು" ಎಂದು ದೊರೆ ಪೇಟ ಜಾರುವಷ್ಟು ನಕ್ಕ. "ನೆನ್ನೆಯ ಕೊಪ್ಪರಿಗೆಗಳು ಇನ್ನೂ ಹಾಗೇ ಬಿದ್ದಿವೆಯಂತೆ. ಹೋಗು ಭುಜಂಗಪ್ಪ, ನಿನ್ನ ದೂರದೇಶದ ಪುಡಿ ಹಾಕಿ ತಿಕ್ಕು." ಆಮೇಲೆ ಅವಳ ಕಡೆ ತಿರುಗಿದ. "ಇನ್ನೇನು ಬೇಕು, ಮಾಳಕ್ಕ?"

"ನನ್ನನ್ನ ಎಸೆದ ಜಾಗ."

ಇವತ್ತು ಆ ತಿಪ್ಪೆಯ ಜಾಗದಲ್ಲಿ ಮಾಳಕ್ಕನ ಮನೆಯಿದೆ. ಬಿಸಾಡಿದ ಬೀಜದಿಂದ ಎದ್ದ ಹುಣಸೆಮರ ಅಂಗಳಕ್ಕೆ ನೆರಳು ಕೊಡುತ್ತದೆ. ಕೊಟ್ಟ ಬೆಲೆ ಏನೆಂದರೆ, ಬೂದಿ ಹುಳಿಗಳಲ್ಲಿ ಅವಳ ಅಂಗೈಯ ಗೆರೆಗಳೆಲ್ಲ ಸವೆದುಹೋಗಿವೆ. ಒಮ್ಮೆ ಕಣಿ ಹೇಳುವವಳು ಕೈ ಹಿಡಿದು ನೋಡಿ, "ಇಲ್ಲೇನೂ ಬರೆದೇ ಇಲ್ಲವಲ್ಲ ತಾಯಿ" ಎಂದಳು.

"ಇತ್ತು ಕಣಮ್ಮ" ಎಂದಳು ಮಾಳಕ್ಕ. "ತಿಕ್ಕಿ ತೆಗೆದೆ."