ನಲವತ್ತು ಕುದುರೆಗಳ ಸಾಲ

‘ಕೇಳಿರಪ್ಪೋ ಕೇಳಿ! ಹಾಯಿಪಟ್ಟಣದ ಮುದ್ರೆಯನ್ನು ಕಡಲಾಚೆಯ ಸರಾಫರು ನಂಬುವುದಿಲ್ಲವಂತೆ. ನಮ್ಮ ಜಾಮೀನು ಓಲೆಯನ್ನು ಬಿಚ್ಚದೆ ಹಿಂದಕ್ಕೆ ಕಳಿಸಿದ್ದಾರೆ. ರಾಣಿ ಹೊನ್ನಾಂಬಿಕೆಯವರು ಮೂರು ಒಗಟು ಕೇಳುತ್ತಾರೆ. ಬಿಡಿಸಿದವರಿಗೆ ಬಂದರಿನ ಮುದ್ರೆ, ಜೊತೆಗೆ ಬೇಡಿದ್ದು ಒಂದು ವರ. ತಪ್ಪಿದವರಿಗೆ ನೇಣು!’

ಡಂಗುರ ಮುಗಿಯುವ ಮೊದಲೇ ಅರಮನೆಯ ಲಾಯದಲ್ಲಿ ಜಟ್ಟಿ ಹುರುಳಿಯ ಬುಟ್ಟಿ ಕೆಳಗಿಟ್ಟ. ಅವನು ಕುದುರೆ ತೊಳೆಯುವ ಆಳು. ಆದರೆ ಹುಟ್ಟಿದ್ದು ಸರಾಫ ಮಾದಣ್ಣನ ಮಗನಾಗಿ. ಪಟ್ಟಣದ ದೊಡ್ಡ ವ್ಯಾಪಾರಿ ಪಾಯಣ್ಣಸೆಟ್ಟಿ ಕಡಲಾಚೆಯಿಂದ ಕುದುರೆ ತರಿಸಿದಾಗ ಮಾದಣ್ಣ ಜಾಮೀನು ನಿಂತಿದ್ದ. ಸೆಟ್ಟಿ ಸಾಲ ತೀರಿಸಲಿಲ್ಲ. ಮಾದಣ್ಣನ ಮನೆ ಹರಾಜಾಯಿತು, ಆದರೂ ಸಾಲ ಉಳಿಯಿತು, ಮಾದಣ್ಣ ಸೆರೆಮನೆಯಲ್ಲೇ ಸತ್ತ. ಸೆಟ್ಟಿ ಮಾತ್ರ ಏಳು ಉಪ್ಪರಿಗೆಯ ಮನೆ ಕಟ್ಟಿಸಿ, ಆಸ್ಥಾನದಲ್ಲಿ ರಾಣಿಯ ಪಕ್ಕದ ಪೀಠದಲ್ಲಿ ಕೂತ. ಜಟ್ಟಿಗೆ ಮುದ್ರೆಯ ಆಸೆ ಇರಲಿಲ್ಲ. ಅವನಿಗೆ ಸೆಟ್ಟಿ ಬೇಕಾಗಿತ್ತು. ಕುದುರೆಯ ಆಳಿನ ದೂರನ್ನು ಯಾರು ಕೇಳುತ್ತಾರೆ? ಗೆದ್ದವನ ವರವನ್ನಾದರೆ ಕೇಳಲೇಬೇಕು.

ಸಭೆ ಸೇರಿತು. ಮೊದಲು ಬಂದವನು ಆಸ್ಥಾನದ ಪಂಡಿತ. ರಾಣಿ ಕೇಳಿದಳು: “ಕುದುರೆ ಮಾರಿದವನಿಗೆ ಪೂರ್ತಿ ಹಣ ಮುಟ್ಟಿತು. ಕೊಂಡವನು ಚೀಲದ ದಾರ ಬಿಚ್ಚಲೇ ಇಲ್ಲ. ಹಣ ಕೊಟ್ಟವನು ಕುದುರೆಯನ್ನೂ ನೋಡಲಿಲ್ಲ, ಕೊಂಡವನ ಮುಖವನ್ನೂ ನೋಡಲಿಲ್ಲ. ಮತ್ತೆ ಅವನು ನೋಡಿದ್ದೇನು?”

“ಪುಣ್ಯವನ್ನು, ಮಹಾರಾಣಿ. ಅದು ದಾನ” ಎಂದ ಪಂಡಿತ. ವ್ಯಾಪಾರದಲ್ಲಿ ದಾನವಂತೆ! ಅವನನ್ನು ಎಳೆದುಕೊಂಡು ಹೋದರು.

ಎರಡನೆಯವನು ಸುಂಕದ ಕಟ್ಟೆಯ ಶಾನುಭಾಗ. “ಜಾಮೀನು ಓಲೆಯ ಮುದ್ರೆ” ಎಂದು ಮೊದಲನೆಯದನ್ನು ಸಲೀಸಾಗಿ ಬಿಡಿಸಿದ. ರಾಣಿ ಎರಡನೆಯದನ್ನು ಕೇಳಿದಳು: “ಬರೆದ ಅಂಕಿ ಬದಲಾಗಲಿಲ್ಲ, ಬಡ್ಡಿ ಏರಲಿಲ್ಲ. ಆದರೂ ತೀರಿಸುವ ದಿನ ಸಾಲ ಒಂದೂವರೆ ಪಟ್ಟು ಭಾರವಾಗಿತ್ತು. ಭಾರ ಎಲ್ಲಿಂದ ಬಂತು?”

ಶಾನುಭಾಗನಿಗೆ ಉತ್ತರ ಗೊತ್ತಿತ್ತು. ಬಾಯಿ ತೆರೆದ, ರಾಣಿಯ ಮುಖ ನೋಡಿದ, ಬೆವರಿದ. ಕೊನೆಗೆ “ಗ್ರಹಚಾರ” ಎಂದ. ಅವನೂ ಹೋದ. ಆಮೇಲೆ ಮುಂದೆ ಬರಲು ಯಾರಿಗೂ ಧೈರ್ಯವಾಗಲಿಲ್ಲ.

ಆಗ ಗೊಬ್ಬರದ ವಾಸನೆಯ ಪಂಚೆಯಲ್ಲೇ ಜಟ್ಟಿ ನಡೆದು ಬಂದ. ಸಭೆ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಪಾಯಣ್ಣಸೆಟ್ಟಿ.

“ಹಣ ಕೊಟ್ಟವನು ಮುದ್ರೆ ನೋಡಿದ ಅಂದರೆ ಸಾಲದು ತಾಯಿ” ಎಂದು ಜಟ್ಟಿ ಶುರುಮಾಡಿದ. “ನಮ್ಮೂರಲ್ಲಿ ಸಾಲ ತಗೊಂಡರೆ ನೂರಕ್ಕೆ ತಿಂಗಳಿಗೆ ಎರಡು ಬಡ್ಡಿ. ಕಡಲಾಚೆ ಅರ್ಧವೇ. ಅದಕ್ಕೇ ಸರಕು ತರಿಸೋರು ಅಲ್ಲಿ ಸಾಲ ಮಾಡ್ತಾರೆ. ಇವನು ಕೊಡದಿದ್ದರೆ ನಾನು ಕೊಡ್ತೀನಿ ಅಂತ ನಮ್ಮೂರ ಸರಾಫ ಓಲೆ ಬರೀತಾನೆ. ಅದನ್ನು ನಂಬಿ ಅಲ್ಲಿಯ ಸರಾಫ ಮಾರಿದವನಿಗೆ ಅಲ್ಲೇ ಹಣ ಎಣಿಸ್ತಾನೆ. ಸರಕು ಇಲ್ಲಿ ಬಂದು ಮಾರಾಟವಾದ ಮೇಲೆ, ತೊಂಬತ್ತು ದಿನದೊಳಗೆ, ಕೊಂಡವನು ತೀರಿಸಬೇಕು.”

“ಎರಡನೆಯದು?”

“ಸಾಲ ಬರೆದದ್ದು ಅವರ ದಿನಾರದಲ್ಲಿ. ತೀರಿಸೋದು ನಮ್ಮ ವರಹ ಕೊಟ್ಟು ದಿನಾರ ಕೊಂಡು. ನಡುವೆ ನೀವು ಯುದ್ಧದ ಖರ್ಚಿಗೆ ವರಹಕ್ಕೆ ತಾಮ್ರ ಬೆರೆಸಿದಿರಿ. ಎರಡು ವರಹಕ್ಕೆ ಸಿಗ್ತಿದ್ದ ದಿನಾರಕ್ಕೆ ಮೂರು ಕೊಡಬೇಕಾಯ್ತು. ಭಾರ ಬಂದದ್ದು ನಿಮ್ಮ ಟಂಕಸಾಲೆಯಿಂದ.”

ಸಭೆ ಉಸಿರು ಬಿಗಿಹಿಡಿಯಿತು. “ಸರಿ” ಎಂದಳು ರಾಣಿ. “ಮೂರನೆಯದು. ತೊಂಬತ್ತು ದಿನ ಅದರ ಆಯುಸ್ಸು. ಸಾಯಬೇಕಾದ ದಿನವೇ ಇನ್ನೂ ದಪ್ಪವಾಗಿ ಹುಟ್ಟುತ್ತದೆ. ಹುಟ್ಟಿಸಿದವನನ್ನು ಬಿಟ್ಟು ಪಕ್ಕದಲ್ಲಿ ನಿಂತವನನ್ನು ತಿನ್ನುತ್ತದೆ. ಏನದು?”

ಜಟ್ಟಿ ಪಾಯಣ್ಣಸೆಟ್ಟಿಯ ಕಡೆ ಕೈ ತೋರಿಸಿದ. “ಮುಂದೂಡಿದ ಸಾಲ. ಹಡಗಿನಲ್ಲೇ ನಲವತ್ತು ಕುದುರೆಯೂ ಸತ್ತವು ಅಂತ ಅತ್ತು, ಅಸಲಿಗೆ ಬಡ್ಡಿ ಸೇರಿಸಿ ತೀರಿಸೋ ಮುದ್ದತು ಮುಂದೂಡಿಸಿದರು, ಒಂದಲ್ಲ ಮೂರು ಸಲ. ಮೂರು ಸಲವೂ ನಮ್ಮಪ್ಪ ನಂಬಿ ಮುದ್ರೆ ಒತ್ತಿದ. ಪಕ್ಕದಲ್ಲಿ ನಿಂತಿದ್ದವನು ಅವನೇ ತಾಯಿ. ಅವನನ್ನೇ ತಿಂತು.”

ಪಾಯಣ್ಣಸೆಟ್ಟಿಯ ನಗು ಯಾವಾಗಲೋ ನಿಂತುಹೋಗಿತ್ತು.

“ಗೆದ್ದೆ. ವರ ಕೇಳು” ಎಂದಳು ರಾಣಿ.

“ನಾನೂ ಒಂದು ಒಗಟು ಕೇಳಬೇಕು, ಸೆಟ್ಟರಿಗೆ. ಇದೇ ನಿಯಮ, ಇದೇ ನೇಣು.”

ಕೊಟ್ಟ ಮಾತು, ರಾಣಿ ತಲೆಯಾಡಿಸಿದಳು. ಜಟ್ಟಿ ಸೆಟ್ಟಿಯ ಎದುರಿಗೆ ಹೋಗಿ ನಿಂತ. “ಸೆಟ್ಟರೇ, ಹಡಗಿನಲ್ಲಿ ಸತ್ತ ನಲವತ್ತು ಕುದುರೆಗಳು ಇವತ್ತು ಬೆಳಗ್ಗೆ ನನ್ನ ಕೈಯಿಂದ ಹುರುಳಿ ತಿಂದವು. ಎಲ್ಲಿ?”

ಸೆಟ್ಟಿ ಗೊತ್ತಿಲ್ಲವೆಂದು ತಲೆ ಅಲ್ಲಾಡಿಸಿದ. ಹಗ್ಗ ತಂದರು. ಕುಣಿಕೆ ಕೊರಳಿಗೆ ತಾಗಿದ್ದೇ ತಡ, ಕಿರುಚಿದ: “ಅರಮನೆಯ ಲಾಯದಲ್ಲಿ! ಅರಮನೆಯ ಲಾಯದಲ್ಲಿ!”

“ನನ್ನ ಲಾಯದಲ್ಲೇ?” ರಾಣಿ ಎದ್ದು ನಿಂತಳು. “ಅವು ಘಟ್ಟದ ಮೇಲಿಂದ ಬಂದವು ಎಂದಲ್ಲವೇ ನೀನು ನನಗೆ ಮಾರಿದ್ದು?”

“ತೊಡೆಯ ರೋಮ ಒದ್ದೆಮಾಡಿ ಸವರಿ ನೋಡಿ ತಾಯಿ” ಎಂದ ಜಟ್ಟಿ. “ಕಡಲಾಚೆಯವರು ಗುರುತಿಗೆ ಹಾಕಿದ ಬರೆ ಕಾಣುತ್ತೆ. ದಿನಾ ತೊಳೆಯೋನಿಗೆ ಗೊತ್ತಾಗದೆ ಇರುತ್ತಾ? ಕಳ್ಳಕೊಲ್ಲಿಯಲ್ಲಿ ಇಳಿಸಿ, ಇಪ್ಪತ್ತೇ ದಿನದಲ್ಲಿ ನಿಮ್ಮಿಂದ ಹಣ ತಗೊಂಡರು. ಆ ಹಣ ಈಗ ಏಳು ಉಪ್ಪರಿಗೆಯಾಗಿ ನಿಂತಿದೆ.”

ಕುದುರೆ ತರಿಸಿ ನೋಡಿದರು. ಬರೆ ಇತ್ತು. ತಾನು ಹಣ ಕೊಟ್ಟ ಕುದುರೆಗಳಿಗಾಗಿ ಒಬ್ಬ ನಿರಪರಾಧಿಯನ್ನು ತಾನೇ ಸೆರೆಗೆ ಹಾಕಿದ್ದು ರಾಣಿಗೆ ಅರ್ಥವಾಯಿತು. ಅವಳ ಕಣ್ಣು ಕೆಂಪಾಯಿತು. “ಒಗಟಿಗೆ ಉತ್ತರ ಕೊಟ್ಟು ತಲೆ ಉಳಿಸಿಕೊಂಡ. ಮೋಸಕ್ಕಾಗಿ ತೆಗೆಸಲೇ?”

“ಬೇಡ ತಾಯಿ. ಒಂದೇ ಏಟಿಗೆ ಮುಗಿದುಹೋಗುತ್ತೆ. ನಮ್ಮಪ್ಪ ಇದ್ದ ಕೋಣೆಯಲ್ಲಿ ಇರಲಿ. ತೊಂಬತ್ತೇ ದಿನ.”

ಎಷ್ಟು ಕರುಣೆಯ ಹುಡುಗ ಎಂದು ಸಭೆ ಹೊಗಳಿತು. ಉಪ್ಪರಿಗೆ ಮಾರಿ ಕಡಲಾಚೆಯ ಸಾಲ ತೀರಿಸಿದರು. ಹಾಯಿಪಟ್ಟಣದ ಓಲೆಗೆ ಮತ್ತೆ ಬೆಲೆ ಬಂತು, ಜಟ್ಟಿ ಮುದ್ರಾಧಿಕಾರಿಯಾದ.

ತೊಂಬತ್ತನೇ ದಿನ ಬೆಳಗ್ಗೆ ಸೆಟ್ಟಿ ಗಂಟು ಕಟ್ಟಿಕೊಂಡು ಬಾಗಿಲ ಬಳಿ ಕಾದಿದ್ದ. ಜಟ್ಟಿ ಬಂದ. ಕೈಯಲ್ಲಿ ಒಂದು ಓಲೆಯಿತ್ತು. ಸೆಟ್ಟಿಯ ಕಣ್ಣೆದುರೇ ಅದಕ್ಕೆ ಮುದ್ರೆ ಒತ್ತಿದ.

“ಬಿಡುಗಡೆಯ ಓಲೆಯೇನಪ್ಪಾ?”

“ಮುದ್ದತು ಮುಂದೂಡಿದೆ, ಸೆಟ್ಟರೇ” ಎಂದು ಹೇಳಿ, ಜಟ್ಟಿ ಬಾಗಿಲು ಎಳೆದುಕೊಂಡ.