ಮೂರೋ, ಆರೋ, ಒಂಬತ್ತೋ

ಲೆಕ್ಕದಲ್ಲಿ ನನ್ನನ್ನು ಮೀರಿಸೋ ಗಂಡು ನಮ್ಮ ಹೋಬಳಿಯಲ್ಲೇ ಇಲ್ಲ.

ಅವತ್ತು ನಮ್ಮ ಮೂರು ಕೆರೆಗಳಿಗೆ ಬಿಡಲು ಲಾರಿಯಲ್ಲಿ ಮೀನುಮರಿ ಬಂದಿದ್ದವು. ಮೀನುಗಾರಿಕೆ ಇಲಾಖೆಯ ಸಾಹೇಬರು ತಾವೇ ಮರಿಗಳ ಸಂಖ್ಯೆ ಬರೆದಿದ್ದ ಚೀಟಿ ಹಿಡಿದು ನಿಂತರು. ಮೊದಲ ಐದು ಅಂಕಿ ೧೨೪೭೧, ಸ್ಪಷ್ಟ. ಆರನೆಯದು ೩, ೬, ೯ರಲ್ಲಿ ಯಾವುದೆಂದು ಅವರಿಗೇ ತಿಳಿಯದು.

"ಮೂರು ಸಮಪಾಲು ಆಗುತ್ತೆ ಅಂತ ಖಾತ್ರಿಯಾಗಬೇಕು. ಇಲ್ಲದಿದ್ರೆ ಲಾರಿ ವಾಪಸ್."

ಬಿಸಿಲಿಗೆ ಮರಿಗಳು ಆಗಲೇ ಬಾಯಿಬಾಯಿ ಬಿಡುತ್ತಿದ್ದವು.

"ಸಾರ್, ಐದು ಅಂಕಿ ಕೂಡಿದರೆ ಹದಿನೈದು. ಅದಕ್ಕೆ ಮೂರು ಸೇರಿಸಿ, ಆರು ಸೇರಿಸಿ, ಒಂಬತ್ತು ಸೇರಿಸಿ, ಮೊತ್ತ ಮೂರರಿಂದ ಭಾಗವಾಗುತ್ತೆ. ಮೊತ್ತ ಭಾಗವಾದ್ರೆ ಸಂಖ್ಯೆಯೂ ಭಾಗವಾದಂಗೆ. ಇಳಿಸಿ."

ಸಾಹೇಬರು ಮೂರು ಥರದಲ್ಲೂ ಭಾಗಿಸಿ ನೋಡಿದರು. ಶೇಷ ಸೊನ್ನೆ. ಕರ್ಚೀಫ್ ತೆಗೆದು ಹಣೆ ಒರೆಸಿಕೊಂಡರು.

"ಇಳಿಸ್ರಪ್ಪ. ಆದ್ರೆ ರಿಜಿಸ್ಟರಲ್ಲಿ ಯಾವ ಅಂಕಿ ಬರೀಲಯ್ಯ?"

"ಯಾವುದಾದ್ರೂ ಬರೀರಿ ಸಾರ್. ನಿಮ್ಮ ಅಕ್ಷರ ತಾನೆ, ಯಾರಿಗೂ ಗೊತ್ತಾಗಲ್ಲ."